ದಾರದ ತುದಿ

ಕಾರಟಗಿ, ರೈಸ್ ಮಿಲ್ಲಿನ ತೂಕದ ಕಟ್ಟೆ, ರಾತ್ರಿ ಒಂದೂಕಾಲು.
ಕರೆಂಟು ಹೋಗಿ ಬಂತು, ಒಂದು ಗುಟುಕು ಚಹಾದಷ್ಟು ಹೊತ್ತು.
ಆಗಲೇ ಈ ಯಂತ್ರ ಹಳೆಯದನ್ನು ಕಳಚಿ ಹೊಸದನ್ನು ತೊಡುತ್ತಿತ್ತು.
ಒಂದು ತೋಳು ಒಳಗೆ, ಒಂದು ತೋಳು ಹೊರಗೆ,
ಹಂಗೇ ನಿಂತುಬಿಟ್ಟಿತು.
ಬ್ಯಾಟರಿ ಸತ್ತು ವರ್ಷವಾಯ್ತು. ಸಾವಕಾರಗೆ ಹೇಳಿದ್ದೆ.

ಹೊರಗೆ ಹದಿನೇಳು ಲಾರಿ.
ಕ್ಯಾಂಪಿನ ಗದ್ದೆಗಳಿಂದ ಬಂದ ಹಸಿ ಭತ್ತ,
ಕಾಯಿಸಿದರೆ ಒಳಗೊಳಗೇ ಬೆಚ್ಚಗಾಗುತ್ತದೆ,
ಡ್ರೈವರುಗಳ ಹಾಗೆ.

ಪರದೆ ಹೇಳಿತು:
ಇದಕ್ಕೆ ಅದು ಬೇಕು, ಅದು ಇನ್ನೂ ಬಂದಿಲ್ಲ.
ಅದು ಬರಬೇಕಾದರೆ ಹಳೆಯದು ಹೋಗಬೇಕು.
ಹಳೆಯದು ಹೋದರೆ ಅದರ ಬೆನ್ನಿಗೇ
ತೂಕ ಓದುವ ಪ್ರೋಗ್ರಾಮೂ ಹೋಗುತ್ತದೆ.
ಕಳಿಸಲೇ?

ಎಡದಂಡೆ ಕಾಲುವೆಯ ಏರಿಯ ಮೇಲೆ
ಎರಡು ಟ್ರ್ಯಾಕ್ಟರು ಎದುರಾಬದುರಾ ನಿಂತಂಗೆ:
ನೀ ಹಿಂದಕ್ಕ ತಗಿ. ಇಲ್ಲ, ನೀ ತಗಿ.
ಒಬ್ಬನ ಹಿಂದೆ ಟ್ರೇಲರು, ಇನ್ನೊಬ್ಬನ ಹಿಂದೆ ಬರೀ ಹಟ.

ಬೇಡ ಎಂದು ಒತ್ತಿದೆ. ಒಡೆದದ್ದನ್ನು ಜೋಡಿಸು ಎಂದೆ.
ಮತ್ತೆ ಅದೇ ಪ್ರಶ್ನೆ, ಈ ಸಲ ನಲವತ್ತಮೂರು ಹೆಸರು ಕಟ್ಟಿಕೊಂಡು,
ನಾನು ಯಾವತ್ತೂ ಕರೆಯದವರು, ಯಾರ ಕಡೆಯ ಬೀಗರೋ.
ಅವುಗಳ ನಡುವೆ ಒಂದು ಮಾತ್ರ ಅಲುಗುತ್ತಿರಲಿಲ್ಲ.
ಯಾರೋ ಅದಕ್ಕೆ ಹೋಲ್ಡ್ ಹಾಕಿದ್ದರು.
ಯಾಕೆ, ಯಾವಾಗ, ಒಂದಕ್ಷರ ಬರೆದಿಟ್ಟಿಲ್ಲ.

ಯಂಕೋಬ. ನನಗಿಂತ ಮೊದಲು ಇಲ್ಲಿ ಕೂತವನು.
ಕುರ್ಚಿಯ ಸ್ಪಂಜಿನಲ್ಲಿ ಇನ್ನೂ ಅವನದೇ ಗುಂಡಿ.
ಈಗ ಮಾನ್ವಿಯಲ್ಲಿ ಮೊಬೈಲ್ ಅಂಗಡಿ. ಮೂರನೇ ಸಲಕ್ಕೆ ಫೋನೆತ್ತಿದ.
'ಹೋಲ್ಡಾ? ಯಾಕ ಹಾಕಿದ್ನೋ, ನೆನಪಿಲ್ಲ ಹುಲಿಗೆಮ್ಮ.
ಅವತ್ತೂ ಲಾರಿ ನಿಂತಿದ್ವು. ಅದೊಂದು ನೆನಪೈತಿ.'

ಹಮಾಲಿ ಮೌಲಾಸಾಬ್ ಬಾಗಿಲಲ್ಲಿ ನಿಂತು ನೋಡಿದ.
'ಏನವಾ, ಗಂಟು ಬಿತ್ತಾ?'
ಕಂಪ್ಯೂಟರು ಅವನಿಗೆ ಗೊತ್ತಿಲ್ಲ. ಚೀಲ ಗೊತ್ತು.
ಮಿಷನ್ನಿನಲ್ಲಿ ಹೊಲಿದ ಒಂದನ್ನು ಎಳಕೊಂಡು
ಈ ಕಡೆಯಿಂದ ಜಗ್ಗಿದ: ಕುಣಿಕೆ ಕುಣಿಕೆಯೂ ಬಿಗಿ.
ಆ ಕಡೆಯಿಂದ ಜಗ್ಗಿದ: ಸರ್ರನೆ
ಚೀಲದ ಬಾಯಿ ಪೂರಾ ತೆರೆದು
ಎಲ್ಲೂ ಹರಿಯದ ಉದ್ದ ದಾರ ಅವನ ಕೈಯಲ್ಲಿ ತೂಗಿತು.
'ಹೊಲಿಗಿ ಎಲ್ಲಿ ಮುಗಿದೈತಿ, ಅಲ್ಲಿಂದ ಹಿಡೀಬೇಕು. ಅಷ್ಟ.'

ಲಾಗಿನ ಕೊನೆಯ ಸಾಲು ಹಿಡಿದೆ.
ಅಲ್ಲಿಂದ ಹಿಂದಕ್ಕೆ, ಇನ್ನೂ ಹಿಂದಕ್ಕೆ.
ಜಗಳ ದೊಡ್ಡವರದಲ್ಲ.
ಹಳೆಯದೂ ಹೊಸದೂ ನನ್ನದು ನನ್ನದು ಎನ್ನುತ್ತಿದ್ದುದು
ನಾಲ್ಕು ಸಾಲಿನ ಒಂದು ಫೈಲನ್ನು.
ಅದನ್ನು ಪಕ್ಕಕ್ಕಿಟ್ಟೆ. ಹೋಲ್ಡ್ ಬಿಚ್ಚಿದೆ.
ಅರ್ಧ ತೊಟ್ಟು ನಿಂತವುಗಳಿಗೆಲ್ಲ ಇನ್ನೊಂದು ತೋಳು ತೂರಿಸಿದೆ.
ಹಳೆಯದು ಹೋಗಬೇಕಿರಲೇ ಇಲ್ಲ,
ತುಸು ಸರಿದು ಕೂತರೆ ಸಾಕಿತ್ತು.

ಮೂರಕ್ಕೆ ಹತ್ತು ನಿಮಿಷ.
ಸೇರಿಸುವುದು ಸೊನ್ನೆ, ತೆಗೆಯುವುದು ಸೊನ್ನೆ, ಬಾಕಿ ಸೊನ್ನೆ.
ಆದರೆ ಹೊರಗೆ ಖಾಲಿ ಕಟ್ಟೆ
ಕೆಂಪು ಅಂಕಿಯಲ್ಲಿ ಇಪ್ಪತ್ತು ಕಿಲೋ ಎನ್ನುತ್ತಿತ್ತು.
ಕೆಸರು. ಮೌಲಾಸಾಬ್ ಸಲಿಕೆ ತಂದು ಕೆರೆದ.
ಆಮೇಲೆ ಅದೂ ಸೊನ್ನೆ.

ಮೊದಲ ಚೀಟಿಯಲ್ಲಿ ಊರ ಹೆಸರಿನ ಜಾಗಕ್ಕೆ
ಸಾಲಾಗಿ ಖಾಲಿ ಚೌಕಗಳು. ಕನ್ನಡದ ಫಾಂಟು ಎಲ್ಲೋ ಉದುರಿದೆ.
ಡ್ರೈವರು ಬೆಳಕಿಗೆ ಹಿಡಿದು ನೋಡಿದ:
'ತೂಕ ಬರೋಬ್ಬರಿ ಐತಲ್ಲ, ಊರು ನನಗ ಗೊತ್ತೈತಿ.'

ಹೋಲ್ಡನ್ನು ಮತ್ತೆ ಕಟ್ಟಿದೆ, ಈ ಸಲ ಪಕ್ಕದಲ್ಲೊಂದು ಚೀಟಿ,
ತಾರೀಕು ಹಾಕಿ, ಹೆಸರು ಹಾಕಿ.
ಮುಂದೆ ಈ ಗುಂಡಿಯಲ್ಲಿ ಕೂರುವವರು ಯಾರೋ, ಅವರಿಗೆ:
ಇದನ್ನು ಸುಮ್ಮನೆ ಬಿಚ್ಚಬೇಡಿ, ಯಾಕೆಂದರೆ

ಎರಡನೇ ಲಾರಿ ಕಟ್ಟೆ ಹತ್ತಿ ಹಾರ್ನು ಹೊಡೆಯಿತು.