ಎಫ್ ಒನ್ ಒತ್ತಿ

ಬೈತಖೋಲಿನ ಐಸ್ ಫ್ಯಾಕ್ಟರಿಯಿಂದ ಫೋನು,
ನಸುಕಿನ ನಾಲ್ಕೂವರೆಗೆ.
'ಸುಗಂಧಾಬಾಯಿ, ಕೀಬೋರ್ಡು ಸತ್ತಿದೆ,
ಚೀಟಿ ಹೊರಡುತ್ತಿಲ್ಲ,
ಹನ್ನೊಂದು ಬೋಟು ಬರ್ಫಕ್ಕೆ ಕಾದು ನಿಂತಿವೆ.'
ಉಲ್ಲಾಸ ಕುಡ್ತರಕರನ ದನಿಯ ಹಿಂದೆ
ಯಾರೋ ಯಾರದೋ ತಾಯಿಯನ್ನು ನೆನೆಯುತ್ತಿದ್ದರು.

ಕೀಬೋರ್ಡು ಸಾಯುವುದಿಲ್ಲ ಎಂದು
ಇಪ್ಪತ್ತೊಂದು ವರ್ಷದಿಂದ ಹೇಳುತ್ತ ಬಂದಿದ್ದೇನೆ.
ಸಾಯುವುದು ನಡುವಿನದು.
ಬಿಸ್ಕೀಟಿನ ಡಬ್ಬಿಯಲ್ಲಿ ಅಂಥ ನಡುವಿನವನ್ನೇ ತುಂಬಿಕೊಂಡು
ಸ್ಕೂಟರು ಹತ್ತಿದೆ.

ಪರದೆಯ ಮೇಲೆ ಬಿಳಿ ಅಕ್ಷರ:
ಕೀಬೋರ್ಡು ಇಲ್ಲ. ಮುಂದುವರಿಯಲು ಎಫ್ ಒನ್ ಒತ್ತಿ.
ಉಲ್ಲಾಸ ಒತ್ತುತ್ತಲೇ ಇದ್ದ,
ಪಾಪ, ಹೇಳಿದ್ದನ್ನು ಮಾಡುವ ಹುಡುಗ.

ನಮ್ ಲಾಕ್ ಒತ್ತಿದೆ. ದೀಪವಿಲ್ಲ.
ಡಬ್ಬವನ್ನು ತಿರುಗಿಸಿದರೆ ಬೆನ್ನ ತುಂಬ ಉಪ್ಪು;
ಈ ಊರಿನ ಗಾಳಿ
ಕಬ್ಬಿಣಕ್ಕೂ ಉಪ್ಪಿನಕಾಯಿ ಹಾಕಿಡುತ್ತದೆ.
ನೇರಳೆ ತೂತಿನ ಬಾಯಲ್ಲಿ ಒಂದು ಮೀನಿನ ಹುರುಪೆ,
ಬಂಗಡೆಯದಲ್ಲ, ಅದು ಇಷ್ಟು ದೊಡ್ಡದಿರುವುದಿಲ್ಲ,
ಶೆವಟೆಯದಿರಬೇಕು.
ಚಿಮಟದಲ್ಲಿ ಎತ್ತಿದಾಗ ಟ್ಯೂಬಿನ ಬೆಳಕಿಗೆ ಹೊಳೆಯಿತು.

'ಹೊಸದೂ ಹಾಕಿ ನೋಡಿದೆ ಬಾಯಿ, ಮಡಗಾಂವಿನದು.'
ಚಪ್ಪಟೆ ಬಾಯಿಯ ಹೊಸ ಕೀಬೋರ್ಡಿಗೆ
ದುಂಡನೆಯ ನೇರಳೆ ಟೊಪ್ಪಿಗೆ ತೊಡಿಸಿದ್ದ.
ಇದ್ದೆರಡು ಚಪ್ಪಟೆ ತೂತಿನಲ್ಲಿ
ಒಂದು ಪ್ರಿಂಟರಿಗೆ, ಇನ್ನೊಂದು ತಕ್ಕಡಿಗೆ ಹೋಗಿದೆಯಲ್ಲ.

ಟೊಪ್ಪಿಗೆ ಹಾಕಿದ ಮಾತ್ರಕ್ಕೆ ಮಾತು ಬರುವುದಿಲ್ಲ ಉಲ್ಲಾಸ.
ಅಡಾಪ್ಟರು ದುಭಾಷಿಯಲ್ಲ, ಬರೀ ಬಾಗಿಲು.
ಒಳಗಿನವರಿಗೆ ಎರಡೂ ಭಾಷೆ ಗೊತ್ತಿರಬೇಕು.
ಹಿಂದಿನ ಕೆಲವಕ್ಕೆ ಗೊತ್ತಿತ್ತು,
ನಮ್ಮ ಕೋಡಿಬಾಗದ ಮೀನಿನ ಹೆಂಗಸರ ಹಾಗೆ:
ಬುಟ್ಟಿಯ ಬಟ್ಟೆ ಸರಿಸುವಷ್ಟರಲ್ಲಿ ಗಿರಾಕಿಯ ಮುಖ ಓದಿ
ಕೊಂಕಣಿಯೋ ಕನ್ನಡವೋ ಮರಾಠಿಯೋ ಆರಿಸಿ
ದರ ಮಾತ್ರ ಮೂರರಲ್ಲೂ ಒಂದೇ ಹೇಳುವವರು.

ಹಳೆಯದನ್ನೇ ಎತ್ತಿಕೊಂಡೆ.
ಆರು ಕಡ್ಡಿಯಲ್ಲಿ ಒಂದು ಮಲಗಿದೆ,
ಬಾಣದ ಗುರುತು ನೋಡದೆ ಕತ್ತಲಲ್ಲಿ ತುರುಕಿದ್ದು.
'ಯಾರು?'
ಯಾರೂ ಅಲ್ಲ. ಯಾವಾಗಲೂ ಯಾರೂ ಅಲ್ಲ.
ಸೀಸ ತೆಗೆದ ಪುಶ್ ಪೆನ್ಸಿಲಿನ ಮೂತಿಯನ್ನು ಕಡ್ಡಿಗೆ ತೊಡಿಸಿ
ಮಗುವಿನ ಕಿವಿಗೆ ಎಣ್ಣೆ ಬಿಡುವಾಗಿನ ಹಾಗೆ ಉಸಿರು ಹಿಡಿದು
ಎಬ್ಬಿಸಿದೆ. ಮುರಿಯಲಿಲ್ಲ.

'ಹಾಕಿ ಬಾಯಿ, ಹಾಕಿ!'
ತಡಿ, ಮೊದಲು ಕರೆಂಟು ತೆಗಿ.
ನೇರಳೆ ತೂತಿನದು ಹಳೇ ಕಟ್ಟುಪಾಡು:
ಕಣ್ಣು ಬಿಡುವಾಗ ಎದುರಿಗಿದ್ದವರೇ ತನ್ನವರು,
ಆಮೇಲೆ ಬಂದು ಎಷ್ಟು ಕದ ತಟ್ಟಿದರೂ
ಗುರುತಿಲ್ಲ ಅನ್ನುತ್ತದೆ.
ಚಪ್ಪಟೆಯವು ಹಾಗಲ್ಲ.
ಯಾವ ಹೊತ್ತಿಗೆ ಬಂದರೂ ಹೆಸರು ಕೇಳಿ ಕೂರಿಸಿಕೊಳ್ಳುತ್ತವೆ,
ಎದ್ದುಹೋದರೂ ಏನೂ ಅನ್ನುವುದಿಲ್ಲ.
ಯಾವುದು ಮೇಲೆಂದು ನನ್ನನ್ನು ಕೇಳಬೇಡ,
ಎರಡೂ ತರದವರ ಜೊತೆ ಸಂಸಾರ ಮಾಡಿದವಳು ನಾನು.

ಫ್ಯಾನು ನಿಂತಿತು.
ಬರ್ಫ ಪುಡಿ ಮಾಡುವ ಯಂತ್ರವೂ ಸುಮ್ಮನಿತ್ತು.
ಬಾಗಿಲಲ್ಲಿ ಬೀಡಿಗಳು ಮಾತ್ರ ಕೆಂಪಗೆ.
ಹತ್ತು ಎಣಿಸಿ, ಪ್ಲಗ್ಗು ಕೂರಿಸಿ, ಗುಂಡಿ ಒತ್ತಿದೆ.

ಮೂರು ಹಸಿರು ದೀಪ
ಒಂದೇ ಸಲ ರೆಪ್ಪೆ ಬಡಿದವು.

ಬೋಟಿನವರು ಹೋ ಎಂದರು. ಪ್ರಿಂಟರು ಕೆಮ್ಮಿತು.
ಮೊದಲ ಚೀಟಿ ಇನಾಸನ ಬೋಟಿಗೆ:
ಇಪ್ಪತ್ತು ಲಾದಿಯ ಹಣ ಕೊಟ್ಟವನಿಗೆ
ಇನ್ನೂರು ಲಾದಿ ಬರ್ಫ.
ಸೊನ್ನೆ ಎರಡೆರಡು ಸಲ ಬೀಳುತ್ತಿದೆ.
ಇದು ಪೋರ್ಟಿನ ತಕರಾರಲ್ಲ, ಕೀಲಿಯ ಕೆಳಗೆ ಏನೋ ಉಂಟು ಎಂದು
ನಾನು ಸ್ಕ್ರೂಡ್ರೈವರು ಹುಡುಕುವಾಗ
ಇನಾಸ ಚೀಟಿಯನ್ನು ಅಂಗಿಯ ಕಿಸೆಗೆ ಇಳಿಬಿಟ್ಟು
ಮೆಲ್ಲಗೆ ಹೇಳಿದ:
'ಅದೊಂದು ಇರಲಿ ಬಾಯಿ.
ಎಲ್ಲವನ್ನೂ ರಿಪೇರಿ ಮಾಡಬಾರದು.'