ಚಕ್ಕುಬಂದಿ

ಅರಸೀಕೆರೆ ಸಬ್‌ರಿಜಿಸ್ಟ್ರಾರ್ ಕಚೇರಿ ಎದುರು
ಹದಿನಾರು ವರ್ಷ ಪತ್ರ ಬರೆದೆ. ಅಕ್ಷರ ನನ್ನದು,
ಕೆಳಗಿನ ಲೈಸೆನ್ಸ್ ನಂಬರು ಷಡಕ್ಷರಯ್ಯನವರದು.
ಈಗ ಅವರ ಕೈ ನಡುಗುತ್ತದೆ. ‘ನೀನೇ ಅರ್ಜಿ ಹಾಕೋ,’ ಅಂದರು,
‘ಈ ಮೇಜು ಇನ್ಯಾರಿಗೆ?’

ಹಾಕಿದೆ. ಹನ್ನೊಂದನೇ ಕಾಲಂ:
ಯಾವುದಾದರೂ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ?
ಹೌದು / ಇಲ್ಲ. ಅನ್ವಯಿಸದ್ದನ್ನು ಹೊಡೆದುಹಾಕಿ.
ಅಣ್ಣತಮ್ಮಂದಿರ ಪಾಲು ಎರಡು ಸಾಲಲ್ಲಿ ಮುಗಿಸಿದ ಪೆನ್ನು
ಅಲ್ಲಿ ನಿಂತುಬಿಟ್ಟಿತು.

ಜಾಗ ಕೊಟ್ಟಿದ್ದರೆ ಬರೆಯುತ್ತಿದ್ದೆ:
ಸದರಿ ಅಪರಾಧಕ್ಕೆ ಚಕ್ಕುಬಂದಿ —
ಪೂರ್ವಕ್ಕೆ ಮಂಡಿ ರುದ್ರಪ್ಪನವರ ಕೊಬ್ಬರಿ ಗೋಡೌನು,
ಪಶ್ಚಿಮಕ್ಕೆ ರೈಲು ಹಳಿ,
ಉತ್ತರಕ್ಕೆ ಬೀದಿದೀಪ, ಅದರಡಿ ಗೋಣಿತಾಟು, ನಾವು ಐದು ಜನ,
ದಕ್ಷಿಣಕ್ಕೆ ಓಡಿಹೋಗುವಷ್ಟು ಅಗಲದ ಓಣಿ.
ನಾಲ್ವರು ಓಡಿದರು.
ನಾನು ಬಗ್ಗಿದ್ದೆ. ಗೆದ್ದ ನಲವತ್ತು ರೂಪಾಯಿ ತಾಟಿನ ಮೇಲಿತ್ತು.

ಮುದ್ದೆಮಾಲು: ಐವತ್ತೊಂದು ಎಲೆ.
ಇನ್ನೊಂದು ಯಾರ ಜೇಬಲ್ಲಿ ಹೋಯಿತೋ.
ಕೋರ್ಟಿನ ಮೆಟ್ಟಿಲ ಮೇಲೇ ವಕೀಲರು:
‘ಒಪ್ಕೊಂಡ್‌ಬಿಡು ಮಾರಾಯ, ಇನ್ನೂರು ದಂಡ,
ಊಟದ ಹೊತ್ತಿಗೆ ಮನೇಲಿರ್ತೀಯ.’
ಇದ್ದೆ. ಹುರುಳಿ ಸಾರು. ಅವ್ವ ಏನೂ ಕೇಳಲಿಲ್ಲ.
ಛಾಪಾ ಕಾಗದವಿಲ್ಲ, ಸಾಕ್ಷಿಗಳ ಸಹಿಯಿಲ್ಲ,
ಆದರೂ ನಾನು ಬರೆದುಕೊಟ್ಟದ್ದರಲ್ಲೆಲ್ಲ ಗಟ್ಟಿ
ಅವತ್ತು ಬಾಯಲ್ಲಿ ಹೇಳಿದ ಆ ಒಂದು ‘ಹೂಂ’.

ಪೆನ್ನೆತ್ತಿ ‘ಇಲ್ಲ’ ಎಂಬುದನ್ನು ಹೊಡೆದೆ.

ಠಾಣೆಯ ವರದಿ ಬಂದಾಗ ವನಜಾಕ್ಷಿ ಮೇಡಂ
ಕಡತ ನನ್ನ ಕಡೆ ತಿರುಗಿಸಿದರು. ಅವರ ಸೈಟಿನ ಕ್ರಯಪತ್ರ ನನ್ನ ಕೈಯದೇ.
‘ಸಣ್ಣದೇ ಕಲ್ಲೇಶಪ್ಪ. ಆದ್ರೆ ಸಣ್ಣದು ದೊಡ್ಡದು ಅಂತ
ಇಲ್ಲಿ ಕಾಲಮ್ಮಿಲ್ಲ.’
ಹಾಸನಕ್ಕೆ ಹೋಗಿದೆ, ಮೇಲಿನವರ ಅಭಿಪ್ರಾಯಕ್ಕೆ.
ನಾಲ್ಕು ತಿಂಗಳಾಯಿತು.

ಜಮೀನಾದರೆ ಹದಿಮೂರು ವರ್ಷದ್ದು ಇ.ಸಿ. ತೆಗೆಸಿದರೆ
ಕೊಳ್ಳುವವರು ಸುಮ್ಮನಾಗುತ್ತಾರೆ.
ನನ್ನದು ಹತ್ತೊಂಬತ್ತು ದಾಟಿತು.
ಮನುಷ್ಯನ ಮೇಲಿನ ಋಣಭಾರ
ಎಷ್ಟು ವರ್ಷ ಹಿಂದಕ್ಕೆ ಹುಡುಕುತ್ತಾರೋ,
ಕೇಳಿದರೆ ಹಾಸನದ ಕಡೆ ಕೈ ತೋರಿಸುತ್ತಾರೆ.

ನಿನ್ನೆ ಒಬ್ಬ ಬಂದ. ಆ ಓಣಿಯಲ್ಲಿ ಓಡಿದವನು.
ಬಾಣಾವರದ ಹತ್ತಿರ ಎರಡೆಕರೆ ತೆಂಗು ಬರೆಸಿಕೊಳ್ಳುತ್ತಾನಂತೆ.
ಗುರುತು ಹತ್ತಿತೋ ಇಲ್ಲವೋ, ನನ್ನ ಅಕ್ಷರ ನೋಡಿ
‘ಮುತ್ತು ಕಣ್ರೀ’ ಅಂದ.
ಬರೆದೆ. ನಾಲ್ಕೂ ದಿಕ್ಕು ಸರಿಯಾಗಿ ಬರೆದೆ.
ಚಿತ್ತು ಕಾಟು ಇಲ್ಲ ಅಂತ ಕೊನೆಗೆ ಷರಾ ಹಾಕಿ,
ಷಡಕ್ಷರಯ್ಯನವರ ನಂಬರು ಬರೆದು,
ಶಾಯಿ ಆರಲಿ ಎಂದು
ಗಾಳಿಗೆ ಹಿಡಿದುಕೊಂಡೆ.