ಸರಿಯಾದ ಚಿಲ್ಲರೆ

ನಾಳೆಗೆ ಬೇಕಾದ ಚಿಲ್ಲರೆ ಎಣಿಸುತ್ತಿದ್ದೆ.
ಮಗ ಫ್ರಿಜ್ಜಿನ ಬಾಗಿಲು ತೆಗೆದು
ಒಳಗಿನ ಬೆಳಕನ್ನೇ ಕೇಳುವ ಹಾಗೆ ಕೇಳಿದ:
"ಗುರುತಿಲ್ಲದ ಹುಡುಗಿ ಹತ್ರ ಹೆಂಗಮ್ಮ ಮಾತಾಡೋದು?"

ಎರಡು ರೂಪಾಯಿಯ ನಾಣ್ಯವೊಂದು
ಮಂಚದ ಕೆಳಕ್ಕೆ ಉರುಳಿತು.

ಹದಿನಾರು ವರ್ಷದಿಂದ ನೋಡ್ತಾ ಇದ್ದೀನಿ ಲೋಹಿತ,
ಸಿಟಿ ಸ್ಟ್ಯಾಂಡಿಂದ ಬೋಗಾದಿ,
ಬೋಗಾದಿಯಿಂದ ಸಿಟಿ ಸ್ಟ್ಯಾಂಡು.
ಕಂಬಿ ಹಿಡಿಯೋ ನೆಪದಲ್ಲಿ ಬೆರಳು ಹಿಡಿಯೋರು,
ಹಾಡು ಹಾಕಿ ಮೊಬೈಲನ್ನ ಅವಳ ಕಡೆ ತಿರುಗಿಸೋರು,
ಹತ್ತರ ನೋಟಿನ ಮೇಲೆ ನಂಬರು ಬರೆದು
"ಆ ನೀಲಿ ಚೂಡಿದಾರಕ್ಕೆ ಕೊಡಿ ಮೇಡಂ" ಅಂತ
ನನ್ನನ್ನೇ ಅಂಚೆಯವಳು ಮಾಡಿದವನು.
ಆ ನೋಟು ಡಿಪೋಗೆ ಕಟ್ಟಿದೆ.

ನೋಡು, ಬಸ್ಸಿನೊಳಗೆ ಬೇಡ.
ಓಡೋ ಬಸ್ಸಲ್ಲಿ ಅವಳಿಗೆ ಎದ್ದು ಹೋಗೋ ದಾರಿ ಇಲ್ಲ.
ಕತ್ತಲಾದ ಮೇಲೆ ಬೇಡ.
ಕಿವೀಲಿ ವೈರಿದ್ರೆ ಬಾಗಿಲು ಹಾಕಿದೆ ಅಂತ ತಿಳ್ಕೋ.
ನಕ್ಕಳು ಅಂತ ನಂಬಬೇಡ,
ಎಷ್ಟು ಕುಡುಕರಿಗೆ ನಾನು ನಗ್ತಾನೇ ಟಿಕೆಟ್ ಹರಿದಿದ್ದೀನಿ.
ಹೆದರಿಕೇಗೂ ಒಂದು ಯೂನಿಫಾರ್ಮ್ ಇರ್ತದೆ ಮಗಾ.

ಒಬ್ಬ ಇದ್ದ.
ನಿಮ್ಮಪ್ಪ ಹೋಗಿ ಮೂರನೇ ವರ್ಷ.
ಫೈರ್ ಬ್ರಿಗೇಡ್ ಸ್ಟಾಪಲ್ಲಿ ಹತ್ತೋನು,
ಕಂಕುಳಲ್ಲಿ ಯಾವಾಗ್ಲೂ ನಕ್ಷೆ ಕಾಗದದ ಸುರುಳಿ.
ಒಂದು ಮಧ್ಯಾಹ್ನ ಪಾಳಿ ಮುಗಿದು, ಜನ ಇಳಿದು,
ಡ್ರೈವರಣ್ಣ ಟೈರಿಗೆ ಒದ್ದು ನೋಡ್ತಿರುವಾಗ
ಕೆಳಗೆ ನಿಂತ. ನಾನು ಫುಟ್‌ಬೋರ್ಡ್ ಮೇಲೆ.
ಬಾಗಿಲಿಗೆ ಅಡ್ಡ ಅಲ್ಲ,
ಒಂದು ಹೆಜ್ಜೆ ಪಕ್ಕಕ್ಕೆ.
"ನಿಮ್ಮ ಜೊತೆ ಒಂದು ಕಾಫಿ ಕುಡಿಯೋ ಆಸೆ.
ಬೇಡ ಅಂದ್ರೂ ಬೇಜಾರಿಲ್ಲ."

ಬೇಡ ಅಂದೆ.

ಯಾಕೆ ಅಂತ ಕೇಳಲಿಲ್ಲ ಕಣೋ.
ಬೇಡ ಅನ್ನೋದೂ ಒಂದು ಸ್ಟಾಪೇ,
ಸೀಟಿ ಊದಿದ ಮೇಲೆ ಇಳೀಬೇಕು.

"ಆಮೇಲೆ?"
ಆಮೇಲೇನು, ಮಾರನೇ ದಿನ ಹತ್ತಿದ.
ಹನ್ನೆರಡು ರೂಪಾಯಿ, ಎಣಿಸಿ ಕೊಟ್ಟ.
ಟಿಕೆಟ್ಟಿನ ಬೆನ್ನ ಮೇಲೆ ಬಾಕಿ ಬರೆಯೋಕೆ
ನನಗೆ ಏನೂ ಉಳಿಸಲಿಲ್ಲ.
ಮಳೆಗಾಲದವರೆಗೆ ಬಂದ.
ಆಮೇಲೆ ರೂಟು ಬದಲಾಯ್ತು, ನಂದೋ, ಅವನದೋ.

ಮಗ ಮೊಬೈಲ್ ಟಾರ್ಚು ಹಿಡಿದು
ಮಂಚದ ಕೆಳಗೆ ತೆವಳಿದ.
ಅಲ್ಲಿಂದಲೇ, ದೂಳಿನೊಳಗಿಂದ, ದನಿ:
"ಕುಡೀಬೇಕಿತ್ತೇನಮ್ಮ, ಕಾಫಿ?"

ನಾಣ್ಯ ಸಿಕ್ತೇನೋ ಅಂದೆ.
ಒಂದರಿಂದ ಮತ್ತೆ ಎಣಿಸತೊಡಗಿದೆ.